ಮೂತಿ ಕೆಳಗೆ ಮಾಡಿ ನಿಲ್ಲಿಸಿದ ಲಾರಿ

ಮನೆಯ ಮುಂದಿನ ಕೋಣೆಯಿಂದ,
ಗುರುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಗಿದೆಯೋ, ಯಥಾಪ್ರಕಾರವೋ? ಬಂದರಿನಲ್ಲಿ ಯಾರದೋ ಲಾರಿ ಓಡಿಸುತ್ತಿದ್ದೀಯಲ್ಲ, ಅದರ ಸೀಟು ಹೇಗಿದೆಯೋ ಎಂದು ನನಗೆ ಯೋಚನೆ. ನಿನ್ನ ಬೆನ್ನಿಗೆ ಒಗ್ಗಿದ ದಿಂಬು ಇಲ್ಲೇ, ನಮ್ಮ ಲಾರಿಯ ಸೀಟಿನ ಮೇಲೆ ಬಿದ್ದಿದೆ. ನಾಲ್ಕು ತಿಂಗಳಲ್ಲಿ ನೀನು ಬರೆದದ್ದು ಒಂದು ಕಾರ್ಡು, ಅದರಲ್ಲಿ ಎರಡು ಸಾಲು, ಒಂದು ವಿಳಾಸ. ಇರಲಿ, ವಿಳಾಸವನ್ನಾದರೂ ಬರೆದೆಯಲ್ಲ, ಅಕ್ಕ ಎಂಬ ಪ್ರಾಣಿ ಇನ್ನೂ ನೆನಪಿದೆ ಎಂದುಕೊಂಡೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕಣ್ಣು ಈಗಲೂ ಹಾಲಿನ ಪೊಟ್ಟಣದ ಮೇಲೆ ಕಾಗುಣಿತದ ತಪ್ಪು ಹುಡುಕುತ್ತದೆ. ಸೂಜಿಗೆ ದಾರ ಪೋಣಿಸು ಎಂದರೆ ಮಾತ್ರ ತನಗೆ ವಯಸ್ಸಾಯಿತು ಎನ್ನುತ್ತದೆ.

ಈಗ ಸುದ್ದಿ. ನಾಲ್ಕನೇ ತಾರೀಖು ಪೌರಕಚೇರಿಯವರು ನಿನ್ನ ಲಾರಿಯ ಗಾಜಿಗೆ ಒಂದು ನೋಟೀಸು ಅಂಟಿಸಿ ಹೋದರು. ನೀನು ಹಳೆ ಗೋದಾಮಿನ ಅಂಗಳದಲ್ಲಿ ನಿಲ್ಲಿಸಿ ಹೋದ ದಿನದಿಂದ ಅದು ಕದಲಿಲ್ಲವಂತೆ, ತೊಂಬತ್ತು ದಿನ ಮೀರಿದ್ದರಿಂದ ಅದು ಇನ್ನು ವಾಹನವಲ್ಲ, ಗುಜರಿಯಂತೆ. ಬರುವ ಸೋಮವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ ತಪಾಸಣೆಯವರು ಬರುತ್ತಾರೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಲಾರಿಯನ್ನು ಅವರ ಕಣ್ಣೆದುರು ಮಾಲೀಕನೇ ಸ್ಟಾರ್ಟ್ ಮಾಡಬೇಕು. ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಸೇತುವೆಯಾಚೆಯ ಮೈದಾನದವರೆಗೆ ಮಾಲೀಕನೇ ಓಡಿಸಿಕೊಂಡು ಹೋಗಿ ಸಹಿ ಹಾಕಬೇಕು. ಆಗದಿದ್ದರೆ ಅವತ್ತೇ ಕ್ರೇನು, ಅವತ್ತೇ ಗುಜರಿ. ಹದಿನಾಲ್ಕು ಸಾಲಿನ ಆ ನೋಟೀಸಿನಲ್ಲಿ ಆರು ತಪ್ಪು. ಮಾಲೀಕ ಎಂಬ ಪದವನ್ನೇ ಎರಡು ಥರ ಬರೆದಿದ್ದಾರೆ. ನಮ್ಮ ಬೀದಿಯ ಚರಂಡಿಗೆ ಮುಚ್ಚಳ ಹಾಕಿ ಎಂದು ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಿದ್ದೇನೆ, ಒಂದಕ್ಕೂ ಉತ್ತರವಿಲ್ಲ. ನಿನ್ನ ಲಾರಿಯ ವಿಷಯಕ್ಕೆ ಮಾತ್ರ ದಿನ ಎಣಿಸಿಕೊಂಡು ಅಂಟಿನ ಡಬ್ಬಿ ಹಿಡಿದು ಬಂದರು.

ಮೊದಲು ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಲಾರಿಯನ್ನು ನಾನೇ ಸರಿ ಮಾಡಿಸಿ, ತಮ್ಮಾ, ನಿನ್ನ ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಬಾ ಎಂದು ಬರೆಯುವ ಆಸೆ. ಹತ್ತು ದಿನ ಹಾಗೇ ಕಳೆದುಹೋಯಿತು. ಬಸ್‌ನಿಲ್ದಾಣದ ಹಿಂದಿನ ಮೆಕ್ಯಾನಿಕ್ ಗೊತ್ತಲ್ಲ, ಬಿಳಿ ಮೀಸೆಯವನು, ನೀನು ಡಾಕ್ಟರ್ ಎಂದು ಕರೆಯುತ್ತಿದ್ದವನು, ಅವನನ್ನೇ ಕರೆತಂದೆ. ಅವನು ಲಾರಿಯ ಸುತ್ತ ಎರಡು ಸುತ್ತು ಹಾಕಿ, "ಸತ್ತಿಲ್ಲ ಅಕ್ಕಾ, ಸಿಟ್ಟಾಗಿದೆ ಅಷ್ಟೇ" ಎಂದ. ಮೊದಲು ಬ್ಯಾಟರಿ. ಅದು ಪೂರ್ತಿ ಇಳಿದುಹೋಗಿತ್ತು, ಅದರ ತುದಿಗಳಲ್ಲಿ ಹಸಿರು ಬಿಳಿ ಪುಡಿ ಹೂವಿನಂತೆ ಅರಳಿತ್ತು. ಚಾರ್ಜ್ ಮಾಡಿಸಿ, ಬಿಸಿನೀರಲ್ಲಿ ತುದಿ ತೊಳೆದು, ಉಜ್ಜಿ ಬಿಗಿದ. ಸೆಲ್ಫ್ ಹೊಡೆದರೆ ಇಂಜಿನ್ ಗಿರ್ರನೆ ತಿರುಗುತ್ತದೆ, ಹಿಡಿಯುವುದಿಲ್ಲ. ಆಮೇಲೆ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗುಗಳು. ನಾಲ್ಕರಲ್ಲಿ ಒಂದು ಸುಟ್ಟಿತ್ತು, ಬದಲಿಸಿದ. ಗಿರ್ರ್ ಎನ್ನುತ್ತದೆ, ಹಿಡಿಯುವುದಿಲ್ಲ. ಫಿಲ್ಟರ್ ಬಿಚ್ಚಿದ, ಕೆಳಗೆ ಒಂದು ಚಮಚದಷ್ಟು ನೀರಿತ್ತು, ಚೆಲ್ಲಿ ಹೊಸದು ಹಾಕಿದ. ಅದೇ ಗಿರ್ರ್. ಸೈಲೆನ್ಸರಿನ ಹಿಂದೆ ನನ್ನನ್ನು ನಿಲ್ಲಿಸಿ, "ಹೊಗೆ ಬರುತ್ತಾ ನೋಡಿ" ಎಂದ. ಹೊಗೆಯ ಎಳೆಯೂ ಇಲ್ಲ. "ಹಾಗಾದ್ರೆ ಇಂಜಿನ್ನಿಗೆ ಡೀಸೆಲ್ಲೇ ಹೋಗ್ತಿಲ್ಲ. ಊಟ ಹಾಕದೆ ದುಡಿ ಅಂದ್ರೆ ಯಾರು ದುಡೀತಾರೆ?" ಎಂದ.

ನಾನೂ ಸುಮ್ಮನೆ ಕೂರಲಿಲ್ಲ. ನಿನ್ನ ಸೀಟಿನ ಕೆಳಗೆ ಎಣ್ಣೆ ಕುಡಿದು ಉಬ್ಬಿದ ಆ ಕೈಪಿಡಿ ಸಿಕ್ಕಿತು. ಸ್ಟಾರ್ಟ್ ಆಗಲು ತಕರಾರು ಮಾಡಿದರೆ ಏನು ಮಾಡಬೇಕೆಂಬ ಅಧ್ಯಾಯವನ್ನು ಪರೀಕ್ಷೆಗೆ ಓದಿದಂತೆ ಓದಿದೆ. ಒಂದೇ ದೂರಿಗೆ ಹತ್ತೊಂಬತ್ತು ಕಾರಣ ಬರೆದಿದ್ದಾರೆ. ಹದಿನೇಳರವರೆಗೆ ಓದುವಷ್ಟರಲ್ಲಿ ಒಂದು ಪುಟವೇ ಇಲ್ಲ, ನೀನು ಅದರಲ್ಲಿ ಬಲ್ಬು ಸುತ್ತಿಟ್ಟಿದ್ದೀಯ. ಪುಸ್ತಕ ಓದಿದವರು ಎಲ್ಲವನ್ನೂ ಸರಿ ಮಾಡಬಲ್ಲರು ಎಂದು ಒಂದು ಕಾಲದಲ್ಲಿ ನಾನು ನಂಬಿದ್ದೆ. ಸರ್ಕಾರಗಳು ಎಲ್ಲಿ ತಪ್ಪಿದವು ಎಂದು ಇಸವಿ ಸಮೇತ ಹೇಳಬಲ್ಲೆ. ಒಂದು ಲಾರಿ ಎಲ್ಲಿ ತಪ್ಪಿತು ಎಂದು ಹೇಳಲಾಗದೆ ಗೋದಾಮಿನ ಕಟ್ಟೆಯ ಮೇಲೆ ತೂತು ಬಿದ್ದ ಮಡಕೆಯ ಹಾಗೆ ಕೂತಿದ್ದೆ.

ಕೊನೆಗೆ ಮೆಕ್ಯಾನಿಕ್ ಫಿಲ್ಟರಿನ ತಲೆಯ ಮೇಲಿನ ನಟ್ಟು ಸಡಿಲ ಮಾಡಿ, ಪಕ್ಕದ ಕೈಪಂಪನ್ನು ಒತ್ತಲು ನನಗೆ ಹೇಳಿಕೊಟ್ಟ. ಒತ್ತಿದಂತೆಲ್ಲ ನಟ್ಟಿನ ಸುತ್ತ ಬುಳುಬುಳು ನೊರೆ ಬಂತು. ಎಪ್ಪತ್ತು ಸಲ ಒತ್ತಿದ ಮೇಲೆ ನೊರೆ ನಿಂತು ಬರೀ ಡೀಸೆಲ್ ಬಂತು. ನಟ್ಟು ಬಿಗಿದು ಸೆಲ್ಫ್ ಹೊಡೆದ. ಹಿಡಿಯಿತು ಕಣೋ. ಗೋದಾಮಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಆ ಗಡಗಡ ಕೇಳಿ ನೀನೇ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ಆರಿಸಿದೆವು, ಮತ್ತೆ ಹೊಡೆದೆವು, ತಕ್ಷಣ ಹಿಡಿಯಿತು. ನಾನು ಮನೆಗೆ ಬಂದು ನಿನಗೆ ಕಾಗದ ಬರೆಯಲು ಕೂತೆ. ಒಂದು ಪುಟ ಬರೆದೂ ಇದ್ದೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಅದೇ ಗಿರ್ರ್, ಹೊಗೆಯಿಲ್ಲ, ಜೀವವಿಲ್ಲ. ಮತ್ತೆ ಎಪ್ಪತ್ತು ಸಲ ಒತ್ತು, ಮತ್ತೆ ಹಿಡಿಯುತ್ತದೆ, ಮತ್ತೆ ಬೆಳಗಾದರೆ ಅದೇ ಕಥೆ. ಮೂರು ದಿನ ಹೀಗೇ. ಬರೆದ ಪುಟ ಹರಿದುಹಾಕಿದೆ.

ಮೂರನೆಯ ದಿನ ಮೆಕ್ಯಾನಿಕ್ ಚಹಾ ಕುಡಿಯುತ್ತ, "ರಾತ್ರಿ ಎಲ್ಲೋ ಗಾಳಿ ಎಳೀತಿದೆ ಅಕ್ಕಾ. ಪೈಪಿನಲ್ಲಿರೋ ಡೀಸೆಲ್ ಮೆಲ್ಲಗೆ ಹಿಂದಕ್ಕೆ ಟ್ಯಾಂಕಿಗೆ ಇಳಿದು ಹೋಗುತ್ತೆ, ಬೆಳಿಗ್ಗೆ ಪಂಪಿನ ಬಾಯಲ್ಲಿ ಗಾಳಿ ಮಾತ್ರ ಉಳಿಯುತ್ತೆ" ಎಂದ. ಆಮೇಲೆ ಸಹಜವಾಗಿ ಕೇಳಿದ, "ನಿಮ್ಮ ತಮ್ಮ ಇದನ್ನ ಮೊದಲು ಎಲ್ಲಿ ನಿಲ್ಲಿಸ್ತಿದ್ದ?" ಶಾಲೆಯ ಪಕ್ಕದ ಇಳಿಜಾರಿನಲ್ಲಿ, ಹನ್ನೆರಡು ವರ್ಷ, ದಿನಾ ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ಎಂದೆ. ನಿನ್ನ ಮೊದಲ ಮಾಲೀಕನಿಂದ ಕಲಿತ ಅಭ್ಯಾಸ ಅದು, ನೆನಪಿದೆ. ಒಂದು ದಿನ ಬ್ಯಾಟರಿ ಕೈಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಬಹುದೆಂಬ ಸೋಮಾರಿತನ ಎಂದೇ ನಾನು ತಿಳಿದಿದ್ದೆ, ಹಾಗೆಂದು ನಿನ್ನನ್ನು ಹಂಗಿಸಿಯೂ ಇದ್ದೆ. ಮೆಕ್ಯಾನಿಕ್ ಮೀಸೆಯೊಳಗೇ ನಕ್ಕ. "ಹಾಗಾದ್ರೆ ರೋಗ ಹಳೇದು. ಮೂತಿ ಕೆಳಗಿದ್ರೆ ಟ್ಯಾಂಕು ಮೇಲಾಗುತ್ತೆ, ಡೀಸೆಲ್ ಹಿಂದಕ್ಕೆ ಹೋಗೋಕೆ ದಾರಿನೇ ಇಲ್ಲ. ಇಳಿಜಾರು ಇಷ್ಟು ವರ್ಷ ಆ ರೋಗ ಮುಚ್ಚಿಟ್ಟಿತ್ತು. ಸಮನೆಲಕ್ಕೆ ತಂದ ದಿನ ಬಯಲಾಯ್ತು."

ಅವನು ಅಷ್ಟು ಹೇಳಿ ಲೋಟ ತೊಳೆಯಲು ಹೋದ. ನನಗೆ ಮಾತ್ರ ಕಾಲ ಕೆಳಗಿನ ನೆಲ ಇಳಿಜಾರಾಯಿತು. ಪತ್ರಿಕೆಯ ವಾಚಕರ ವಾಣಿಯಲ್ಲಿ ಶಾಲೆಯ ಪಕ್ಕ ನಿಲ್ಲುವ ಭಾರಿ ವಾಹನಗಳ ವಿರುದ್ಧ ಆ ಪತ್ರ ಬಂದದ್ದು, ಎರಡು ವಾರದಲ್ಲಿ ಇಳಿಜಾರಿನಲ್ಲಿ ಭಾರಿ ವಾಹನ ನಿಲ್ಲಿಸಬಾರದು ಎಂಬ ಫಲಕ ನೆಟ್ಟದ್ದು, ನೀನು ಲಾರಿಯನ್ನು ಗೋದಾಮಿನ ಸಮನೆಲಕ್ಕೆ ತಂದದ್ದು, ಅದೇ ವಾರ ಅದು ಬೆಳಿಗ್ಗೆ ಸ್ಟಾರ್ಟ್ ಆಗುವುದನ್ನು ನಿಲ್ಲಿಸಿದ್ದು, ಬೆಳಗಿನ ಬ್ರೆಡ್ಡು ಸಾಗಿಸುವ ಕೆಲಸ ನಿನ್ನ ಕೈತಪ್ಪಿದ್ದು, ಒಂದರ ಹಿಂದೊಂದು. ಇಷ್ಟಕ್ಕೆಲ್ಲ ನೀನು ಕಂಡುಕೊಂಡ ಕಾರಣ ಇಳಿಜಾರಿನ ತುದಿಯ ದರ್ಜಿ. ಅಂಗಡಿ ಮುಂದೆ ನೇತುಹಾಕಿದ ಬಿಳಿ ಅಂಗಿಗೆ ನಿನ್ನ ಹೊಗೆ ಮೆತ್ತುತ್ತದೆ ಎಂದು ಅವನು ಗೊಣಗುತ್ತಿದ್ದನಲ್ಲ, ಪತ್ರ ಬರೆದವನೂ ಅವನೇ, ಲಾರಿ ಕೆಡಿಸಲು ಟ್ಯಾಂಕಿಗೆ ಸಕ್ಕರೆ ಸುರಿದವನೂ ಅವನೇ ಎಂದೆ ನೀನು. ಹದಿನೈದು ವರ್ಷ ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡವನನ್ನು ನಡುಬೀದಿಯಲ್ಲಿ ನಿಲ್ಲಿಸಿ ನೀನು ಅಂದ ಮಾತುಗಳನ್ನು ನಾನು ಮತ್ತೆ ಬರೆಯುವುದಿಲ್ಲ. ಅವನು ಕೊರಳಲ್ಲಿ ಟೇಪು ಹಾಕಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಟ್ಯಾಂಕನ್ನು ಮೆಕ್ಯಾನಿಕ್ ತಳದವರೆಗೂ ಇಳಿಸಿ ನೋಡಿದ್ದಾನೆ. ಸಕ್ಕರೆಯಿಲ್ಲ, ಮಣ್ಣಿಲ್ಲ. ಚೊಕ್ಕ ಡೀಸೆಲ್.

ಮೆಕ್ಯಾನಿಕ್ ಕೈಗೆ ಸಿಗುವ ಎರಡು ರಬ್ಬರ್ ಪೈಪು ಬದಲಿಸಿದ, ರೋಗ ಹೋಗಲಿಲ್ಲ. "ಒಂದೇ ಒಂದು ರಾತ್ರಿ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ರೆ ನನ್ನ ಅನುಮಾನ ಖಾತ್ರಿಯಾಗುತ್ತೆ" ಎಂದ. ಅನುಮತಿ ಕೇಳಲು ಪೌರಕಚೇರಿಗೆ ಹೋದೆ. ಎರಡನೇ ಮಹಡಿ, ಮಂಡಿಯ ಶಾಪ ಹಾಕಿಸಿಕೊಂಡೇ ಹತ್ತಿದೆ. ಅಲ್ಲಿಯ ಗುಮಾಸ್ತ ಒಳ್ಳೆಯವನೇ, ಕುರ್ಚಿ ಕೊಟ್ಟ. ಕಡತ ತೆಗೆದು, "ಆಗಲ್ಲಮ್ಮ. ನೋಡಿ, ಒಬ್ಬ ನೊಂದ ನಾಗರಿಕರು ಪತ್ರಿಕೆಗೆ ಎಷ್ಟು ಚೆನ್ನಾಗಿ ಬರೆದಿದ್ದಾರೆ, ಇದನ್ನ ಓದಿದ ಮೇಲೂ ನಾವು ಬಿಟ್ಟರೆ ಮನುಷ್ಯರಾ?" ಎಂದು ಆ ಪತ್ರವನ್ನು ಗಟ್ಟಿಯಾಗಿ ಓದತೊಡಗಿದ. ಪಾಠಶಾಲೆಯ ಮಕ್ಕಳ ಪ್ರಾಣಕ್ಕಿಂತ ಚಕ್ರಕ್ಕಿಟ್ಟ ಒಂದು ಕಲ್ಲಿನ ಮೇಲೆ ನಮಗೆ ಹೆಚ್ಚು ನಂಬಿಕೆಯೇ ಎಂಬಲ್ಲಿ ಅವನ ದನಿ ತುಸು ನಡುಗಿತು. ರಸ್ತೆಯ ಮೇಲಿನ ಡೀಸೆಲ್ ಕಲೆಗಳಿಂದ ಪಾದಚಾರಿಗಳು ಜಾರುತ್ತಿರುವ ಭಾಗಕ್ಕೆ ಪಕ್ಕದ ಮೇಜಿನವನೂ ತಲೆದೂಗಿದ. ಹನ್ನೊಂದು ವರ್ಷದ ನನ್ನ ಚರಂಡಿ ಅರ್ಜಿಗಳು ಅದೇ ಕಪಾಟಿನ ಕೆಳಗಿನ ಅರೆಯಲ್ಲಿ ಹಗ್ಗ ಕಟ್ಟಿಸಿಕೊಂಡು ಬಿದ್ದಿದ್ದವು. ಅವತ್ತು ಅವುಗಳ ಬಗ್ಗೆಯೂ ನಾನು ಜಗಳ ಆಡಲಿಲ್ಲ. ಎದ್ದುಬಂದೆ. ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ.

ಮಂಗಳವಾರ ಮಧ್ಯಾಹ್ನ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದೆ. ಮೆಕ್ಯಾನಿಕ್ ಬೇರೆ ಕೆಲಸಕ್ಕೆ ಹೋಗಿದ್ದ. ಆಗ ದರ್ಜಿ ಬಂದ. ನೀನು ಬೈದ ದಿನದಿಂದ ಅವನು ಗೋದಾಮಿನ ಕಡೆ ತಲೆ ಹಾಕಿರಲಿಲ್ಲ. ಒಂದು ಗೋಣಿ ಹಾಸಿ, ಟಾರ್ಚು ಹಿಡಿದು ಲಾರಿಯ ಅಡಿಗೆ ನುಸುಳಿದ. ನಿನಗೂ ಮೆಕ್ಯಾನಿಕ್‌ಗೂ ಇಲ್ಲದ ಸಣ್ಣ ಕೈ ಅವನದು. ಅಡ್ಡ ಕಂಬಿಯ ಹಿಂದೆ, ಕಣ್ಣಿಗೆ ಕಾಣದ ಕಡೆ ಬೆರಳಾಡಿಸಿ, ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ, "ಅಕ್ಕಾ, ಇದು ನನ್ನ ದಾರ" ಎಂದ. ಎಂಟು ವರ್ಷದ ಹಿಂದೆ ಒಂದು ಅವಸರದ ಬೆಳಿಗ್ಗೆ ನೀನು ಅವನ ಅಂಗಡಿಗೆ ಹೋಗಿ ಚೀಲ ಹೊಲಿಯುವ ಮೇಣದ ದಾರ ಕೇಳಿದ್ದೆಯಂತೆ. ಬಿರುಕು ಬಿಟ್ಟ ಪೈಪಿಗೆ ಸುತ್ತುತ್ತೇನೆ, ಮುಂದಿನ ವಾರ ಹೊಸದು ಹಾಕುತ್ತೇನೆ ಎಂದಿದ್ದೆಯಂತೆ. ನಿನ್ನ ಮುಂದಿನ ವಾರ ಎಂಟು ವರ್ಷ ನಡೆಯಿತು. ಅವನು ಜೇಬಿನಿಂದ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣ ತೆಗೆದು ಪುಡಿ ಮಾಡಿ ಅದರ ಮೇಲೆ ಒರೆಸಿದ. ದಾರದ ಗಂಟಿನ ಕೆಳಗೆ ಸುಣ್ಣ ಮೆಲ್ಲಗೆ ಒದ್ದೆಯಾಯಿತು. ಅಷ್ಟೇ, ಒಂದು ಕಾಳಿನಷ್ಟು. ಸಂಜೆ ಮೆಕ್ಯಾನಿಕ್ ಬಂದು ಆ ಪೈಪು ಕತ್ತರಿಸಿ ಹೊಸದು ಹಾಕಿದ. ಹಳೆಯ ತುಂಡು ನನ್ನ ಮೇಜಿನ ಮೇಲಿದೆ. ದಾರ ಒಂದು ಸುತ್ತೂ ಸಡಿಲವಾಗಿಲ್ಲ. ಪೈಪೇ ಒಳಗಿನಿಂದ ಸೀಳಿದೆ.

ನಿನ್ನೆ ಬುಧವಾರ ಬೆಳಿಗ್ಗೆ ಕೈಪಂಪು ಮುಟ್ಟದೆ ಒಂದೇ ಸಲಕ್ಕೆ ಹಿಡಿಯಿತು. ಈ ಕಾಗದ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಚಳಿ ಹೆಚ್ಚಿತ್ತು, ಐದನೇ ಸಲಕ್ಕೆ, ಬಿಳಿ ಹೊಗೆ ಕಾರಿ, ಕೆಮ್ಮಿ, ಸೆಲ್ಫಿನ ದನಿ ಕುಗ್ಗುತ್ತ ಬರುವ ಹೊತ್ತಿಗೆ ಹಿಡಿಯಿತು. ಡೀಸೆಲ್ ಈಗ ಬರುತ್ತಿದೆ, ಆದರೆ ಉಳಿದದ್ದು ನಮಗೆ ತಿಳಿಯುತ್ತಿಲ್ಲ. "ಹೀಟರ್ ಎಷ್ಟು ಹೊತ್ತು ಹಿಡೀಬೇಕು, ಆಕ್ಸಿಲೇಟರ್ ಯಾವಾಗ ಒತ್ತಬೇಕು, ಅದು ಮಾಲೀಕನ ಕಾಲಿಗೆ ಗೊತ್ತು ಅಕ್ಕಾ, ನನಗಲ್ಲ" ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡ. ತಪಾಸಣೆಯವರು ಕೊಡುವುದು ಮೂರೇ ಅವಕಾಶ. ಮೆಕ್ಯಾನಿಕ್ ಮಾಲೀಕನಲ್ಲ, ನಾನೂ ಅಲ್ಲ. ನನ್ನ ಕಾಲು ಆ ಪೆಡಲಿಗೆ ತಲುಪುವುದೂ ಇಲ್ಲ, ನಿನ್ನೆ ಕೂತು ನೋಡಿದೆ, ದಿಂಬು ಬೆನ್ನಿಗಿಟ್ಟುಕೊಂಡರೂ ತಲುಪಲಿಲ್ಲ. ನಾವೆಲ್ಲ ಸೇರಿ ಅದನ್ನು ನಿನ್ನವರೆಗೆ ತಂದು ನಿಲ್ಲಿಸಿದ್ದೇವೆ. ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಸೋಮವಾರ ಒಂಬತ್ತರೊಳಗೆ ನೀನು ಬರಬೇಕು. ಬರುವುದಿಲ್ಲ ಎಂದು ನೀನು ಯಾಕೆ ಹೇಳುತ್ತೀಯ ಎಂಬುದೂ ನನಗೆ ಗೊತ್ತು. ಚೀಲ ಹೆಗಲಿಗೆ ಹಾಕಿಕೊಂಡು ಹೊಸಿಲು ದಾಟುವಾಗ ನೀನು ಅಂದದ್ದು ಈ ಕಿವಿಯಲ್ಲೇ ಇದೆ: "ಆ ಪತ್ರ ಬರೆದವರು ಈ ಬೀದೀಲಿ ಇರೋವರೆಗೂ ನಾನು ಇಲ್ಲಿಗೆ ಕಾಲಿಡಲ್ಲ." ಚಿಕ್ಕಂದಿನಿಂದ ನೀನು ಆಡಿದ ಮಾತು ತಪ್ಪಿದವನಲ್ಲ. ಏಳನೇ ವಯಸ್ಸಿನಲ್ಲಿ ಹಾಲು ಕುಡಿಯುವುದಿಲ್ಲ ಎಂದವನು ಇವತ್ತಿಗೂ ಕುಡಿದಿಲ್ಲ. ಆ ಮಾತನ್ನು ಮುರಿ ಎಂದು ನಾನು ಕೇಳುವುದಿಲ್ಲ.

ಸಮಯಕ್ಕೆ ಸರಿಯಾಗಿ ಊಟ ಮಾಡು. ಭಾರ ಎತ್ತುವಾಗ ಬಗ್ಗಬೇಡ, ಕೂತು ಎತ್ತು. ಮೆಕ್ಯಾನಿಕ್ ನಿನ್ನನ್ನು ಕೇಳಿದ್ದಾನೆ. ಪಾರಿವಾಳಗಳು ನಿನ್ನ ಕ್ಯಾಬಿನ್ನಿನ ಮೇಲೆ ಗೂಡು ಕಟ್ಟಲು ನೋಡುತ್ತಿವೆ, ಸದ್ಯಕ್ಕೆ ನಾನು ಕಾಯುತ್ತಿದ್ದೇನೆ. ನೀನು ಎಲ್ಲಿದ್ದರೂ ಬೆಳಿಗ್ಗೆ ಎದ್ದ ಕೂಡಲೇ ನಿನ್ನ ಗಾಡಿ ಹಿಡಿಯಲಿ, ಇದೇ ನನ್ನ ಹಾರೈಕೆ.

ಇಂತು ನಿನ್ನ
ಅಕ್ಕ

ಮರೆತ ಮಾತು: ಬಂದರಿಗೆ ಹೊರಟ ಡ್ರೈವರ್ ಒಬ್ಬ ಈ ಕಾಗದ ನಿನ್ನ ಕೈಗೇ ಕೊಡುತ್ತೇನೆ ಎಂದು ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದಾನೆ. ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ಪತ್ರ ಬರೆದದ್ದು ನಾನು. ನೊಂದ ನಾಗರಿಕ ನಾನೇ. ಆ ತಿಂಗಳು ಮರಳು ತುಂಬಿದ ಗಾಡಿಯೊಂದು ಇಳಿಜಾರಿನಲ್ಲಿ ಜಾರಿ ಶಾಲೆಯ ಗೋಡೆಗೆ ಗುದ್ದಿತ್ತಲ್ಲ, ಅವತ್ತಿನ ಸಿಟ್ಟಿನಲ್ಲಿ ಬರೆದೆ. ಭಾರಿ ವಾಹನ ಎಂದು ಬರೆಯುವಾಗ ನಿನ್ನ ಲಾರಿ ನನ್ನ ಮನಸ್ಸಿಗೆ ಬರಲೇ ಇಲ್ಲ ಕಣೋ, ಅದು ನನಗೆ ವಾಹನವೇ ಆಗಿರಲಿಲ್ಲ, ಮನೆಯವರಲ್ಲೊಬ್ಬರಾಗಿತ್ತು. ಆ ಡೀಸೆಲ್ ಕಲೆ ನಿನ್ನ ದಾರದ ಗಂಟಿನಿಂದ ತೊಟ್ಟಿಕ್ಕಿದ್ದು ಎಂದೂ ಗೊತ್ತಿರಲಿಲ್ಲ. ಫಲಕ ನೆಟ್ಟ ದಿನ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನೀನು ದರ್ಜಿಯ ಹೆಸರು ಹಿಡಿದಿದ್ದೆ, ನಾನು ಹೆದರಿದೆ. ನಿನ್ನೆ ಸಂಜೆ ಅವನ ಅಂಗಡಿಗೆ ಹೋಗಿ ಒಪ್ಪಿಕೊಂಡೆ. ಅವನು ಹೊಲಿಗೆ ನಿಲ್ಲಿಸದೆ, "ಗೊತ್ತು ಅಕ್ಕಾ. ಆ ಲಕೋಟೆ ಪೋಸ್ಟಿಗೆ ಹಾಕಿ ಬಾ ಅಂತ ನೀವು ಕೊಟ್ಟಿದ್ದು ನನ್ನ ಕೈಗೇ ಅಲ್ವಾ" ಎಂದ. ನನಗೆ ಅದು ಮರೆತೇಹೋಗಿತ್ತು. ನನ್ನ ಜ್ಞಾಪಕಶಕ್ತಿಯನ್ನು ನಾನು ಎಷ್ಟು ಹೊಗಳಿಕೊಳ್ಳುತ್ತೇನೆ, ನಿನಗೆ ಗೊತ್ತು. ಮತ್ತೆ ಯಾಕೆ ಸುಮ್ಮನೆ ಬೈಸಿಕೊಂಡೆ ಎಂದು ಅವನನ್ನು ಕೇಳಿದರೆ, "ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದ. ನಾನು ಭಾನುವಾರ ಮಧ್ಯಾಹ್ನದ ಬಸ್ಸಿಗೆ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಆ ಪತ್ರ ಬರೆದವರು ಈ ಬೀದಿಯಲ್ಲಿ ಇರುವುದಿಲ್ಲ, ನಿನ್ನ ಮಾತು ಮುರಿಯುವುದಿಲ್ಲ. ಬೇಕೆಂದರೆ ನಾನು ಅಲ್ಲೇ ಇರುತ್ತೇನೆ, ಚಿಕ್ಕಮ್ಮನಿಗೆ ಹೇಳಿದ್ದೇನೆ. ಲಾರಿಯ ಕೀಲಿ ಮನೆಯಲ್ಲಿ ಹುಡುಕಬೇಡ. ದರ್ಜಿಯ ಹತ್ತಿರ ಇದೆ. ಅವನ ಕೈಯಿಂದಲೇ ಇಸಿದುಕೋ.